ಕಾಣುವ ತೇಪೆ

ನವೆಂಬರ್ ೧೭, ಭಾನುವಾರ

ಮಗಳ ಅಪ್ಪನಿಗೆ ನಮಸ್ಕಾರ.

ಹೇಗೆ ಶುರು ಮಾಡುವುದು ಅಂತ ಎರಡು ದಿನ ಯೋಚಿಸಿ ಕೊನೆಗೆ ಹೀಗೆ ಬರೆದೆ. ಈ ಒಂದು ಸಂಬಂಧಕ್ಕೆ ನಾನೂ ತಕರಾರು ಮಾಡುವ ಹಾಗಿಲ್ಲ, ನೀವೂ ಮಾಡುವ ಹಾಗಿಲ್ಲ. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ರೂಢಿ. ಇಲ್ಲಿ ಎಲ್ಲರೂ ಅಂದರೆ ನಾನೊಬ್ಬಳೇ. ಕ್ಷೇಮವಾಗಿದ್ದೇನೆ.

ನಿಮ್ಮ ಕಾಗದ ತಲುಪಿತು. ಹತ್ತು ವರ್ಷಕ್ಕೆ ಬಂದ ಮೊದಲ ಕಾಗದ ಒಂದೇ ಹಾಳೆ, ಅದರಲ್ಲೂ ಅರ್ಧ ಖಾಲಿ. ಮಂಡಿ ನೋವು ಜಾಸ್ತಿಯಾಗಿದೆ, ಅಟ್ಟಣೆ ಹತ್ತಲು ಆಗುತ್ತಿಲ್ಲ, ಈಗ ಹಿಡಿದಿರುವ ಮನೆಯೇ ಕೊನೆಯ ಕೆಲಸ, ಅದೂ ಈ ತಿಂಗಳಿಗೆ ಮುಗಿಯುತ್ತದೆ ಅಂತ ಬರೆದಿದ್ದೀರಿ. ಆ ಮನೆಯ ತೋಟದ ಹಿಂದೆ ಒಂದು ಕೋಣೆ ಇದೆ, ಬೇಕಾದರೆ ಜೀವ ಇರುವ ತನಕ ಅಲ್ಲಿರಬಹುದು ಅಂತ, ಆ ಹಳೆಯ ಮನೆಗಳನ್ನು ಕಾಪಾಡಿ ಜನರಿಗೆ ತೋರಿಸುವ ಟ್ರಸ್ಟಿನವರು ಹೇಳಿದ್ದಾರಂತೆ. ತಿಂಗಳ ಕೊನೆಯೊಳಗೆ ಅವರಿಗೆ ಉತ್ತರ ಬೇಕಂತೆ. ಆಮೇಲೆ ಒಂದು ಸಾಲು ಬಿಟ್ಟು, ಇಲ್ಲೇ ಇರಲೇ, ಮನೆಗೆ ಬರಲೇ ಅಂತ ಕೇಳಿದ್ದೀರಿ. ಉತ್ತರ ಬರೆಯುವ ಮೊದಲು ನಾನು ದುರಸ್ತಿ ಮಾಡಿದ ಮೂರು ಮನೆ ನೋಡಿಕೊಂಡು ಬಾ ಅಂತಲೂ ಕೆಳಗೆ ಸೇರಿಸಿದ್ದೀರಿ.

ಮನೆ ನೋಡಿ ಹೆಣ್ಣು ಕೊಡು ಅನ್ನುತ್ತಾರೆ. ಮನೆ ನೋಡಿ ಗಂಡನನ್ನು ವಾಪಸ್ ತೆಗೆದುಕೊಂಡವರನ್ನು ನಾನು ಎಲ್ಲೂ ಕಂಡಿಲ್ಲ. ಆದರೂ ಹೋದೆ. ಅಂಗಡಿಯಲ್ಲಿ ಕೆಲಸ ಕಡಿಮೆಯಿತ್ತು, ಅದಕ್ಕೆ ಹೋದೆ. ಬೇರೆ ಅರ್ಥ ಹಚ್ಚಬೇಡಿ. (ಹೊಲಿಯಲು ಕೋಟು ಕೊಟ್ಟಿದ್ದ ವಕೀಲರು ಎರಡು ಸಲ ಬಂದು, ಮುಚ್ಚಿದ ಬಾಗಿಲಿಗೆ ಬೈದು ಹೋದರು ಅಂತ ಪಕ್ಕದ ಗಡಿಯಾರದ ಅಂಗಡಿಯವನು ಹೇಳಿದ.)

ನೀವು ಕೇಳಿದ್ದಕ್ಕೆ ಉತ್ತರ ಈ ಕಾಗದದ ಕೊನೆಯಲ್ಲಿದೆ. ಮೊದಲೇ ಅಲ್ಲಿಗೆ ಹೋಗಿ ಓದಬೇಡಿ. ಪತ್ರಿಕೆ ಕೈಗೆ ಬಂದರೆ ಹಿಂದಿನ ಪುಟದಿಂದ ಓದುವ ಚಟ ನಿಮ್ಮದು, ನನಗೆ ಗೊತ್ತು.

ಬಸ್ಸು ದೊಡ್ಡ ರಸ್ತೆ ಬಿಟ್ಟು ಕಡಲಿನ ಕಡೆಗೆ ತಿರುಗಿದ ಮೇಲೆ ನೆಲ ಚಾಪೆ ಹಾಸಿದ ಹಾಗೆ ಚಪ್ಪಟೆಯಾಯಿತು. ಹುಲ್ಲು, ನಡುನಡುವೆ ನಿಂತ ನೀರು, ಕಲ್ಲಿನ ಗಿಡ್ಡ ಗೋಡೆ, ಮತ್ತೆ ಹುಲ್ಲು. ಮರಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಗಾಳಿಗೆ ಹಾಗಾಗಿದೆ ಅಂತ ಗೊತ್ತು, ಆದರೂ ಎಲ್ಲವೂ ಯಾರನ್ನೋ ಬಿಟ್ಟು ಓಡುತ್ತಿರುವ ಹಾಗೆ ಕಂಡಿತು. ಇಷ್ಟು ವರ್ಷ ನೀವು ಕಡಲಿನ ಕಡೆ ಇದ್ದೀರಿ ಅಂದಾಗ ನನ್ನ ಕಣ್ಣಿಗೆ ಬರುತ್ತಿದ್ದುದು ಅಲೆ, ದೋಣಿ, ಜನ. ನೀವಿರುವುದು ಇಂಥ ಜಾಗದಲ್ಲಿ ಅಂತ ಗೊತ್ತಿರಲಿಲ್ಲ. ಎರಡು ನಿಲ್ದಾಣದ ನಡುವೆ ಒಂದು ನರಪಿಳ್ಳೆಯೂ ಕಾಣಲಿಲ್ಲ.

ಮೊದಲು ಹಡಗಿನ ಯಜಮಾನನ ಮನೆ. ಟಿಕೆಟ್ ಕಿಟಕಿಯಲ್ಲಿದ್ದವನು ಎಷ್ಟು ಜನ ಅಂತ ಕೇಳಿದ. ಒಂದು ಅಂದೆ. ಯಾರೋ ಚಪ್ಪಲಿ ಸರಿಮಾಡಿಕೊಳ್ಳುತ್ತ ಹಿಂದೆ ಉಳಿದಿರಬೇಕು ಅನ್ನುವ ಹಾಗೆ ನನ್ನ ಬೆನ್ನ ಹಿಂದೆ ಒಮ್ಮೆ ಇಣುಕಿದ. ಒಳಗೆ ಹೋಗುವ ಮುಂಚೆ ಚಪ್ಪಲಿಯ ಮೇಲೆ ಹಾಕಿಕೊಳ್ಳಲು ಬಟ್ಟೆಯ ಚೀಲ ಕೊಟ್ಟರು, ನೆಲಕ್ಕೆ ಗೀರು ಬೀಳದಿರಲಿ ಅಂತ. ಎರಡಕ್ಕೂ ಎಲಾಸ್ಟಿಕ್ ಸಡಿಲವಾಗಿತ್ತು. ಕೈಯಲ್ಲಿ ಸೂಜಿ ಇದ್ದಿದ್ದರೆ ಅಲ್ಲೇ ಕೂತು ಸರಿಮಾಡುತ್ತಿದ್ದೆ.

ಮನೆ ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ. ಮೇಲಿನ ಅಂತಸ್ತಿನಲ್ಲಿ ಕಡಲಿನ ಕಡೆಗೆ ಒಂದು ಸಣ್ಣ ಕೋಣೆ, ಯಜಮಾನನ ಹೆಂಡತಿ ಅಲ್ಲಿ ಕೂತು ಹಡಗು ಬರುವುದನ್ನು ನೋಡುತ್ತಿದ್ದಳಂತೆ. ಅಲ್ಲಿ ಒಂದೇ ಕುರ್ಚಿ. ಕೆಳಗೆ ಊಟದ ಕೋಣೆಯಲ್ಲಿ ಉದ್ದದ ಮೇಜಿನ ತುಂಬ ತಟ್ಟೆ, ಲೋಟ, ಮಡಿಸಿದ ಬಟ್ಟೆ. ಈಗ ತಾನೇ ಊಟಕ್ಕೆ ಕರೆಯುತ್ತಾರೆ ಅನ್ನುವ ಹಾಗೆ. ನೂರು ವರ್ಷದಿಂದ ಆ ಮೇಜಿನಲ್ಲಿ ಯಾರೂ ಊಟ ಮಾಡಿಲ್ಲ, ಆದರೂ ತಟ್ಟೆ ದಿನಾ ಒರೆಸುತ್ತಾರೆ ಅಂತ ಗೋಡೆಯ ಫಲಕದಲ್ಲಿ ಬರೆದಿತ್ತು. ಅದನ್ನು ಓದಿದವರೆಲ್ಲ ಆಹಾ ಅಂದರು. ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ನಾನೂ ಎರಡು ತಟ್ಟೆ ತೊಳೆಯುತ್ತೇನೆ. ಒಂದನ್ನೇ ತೊಳೆದರೆ ಇನ್ನೊಂದರ ಮೇಲೆ ಧೂಳು ಕೂರುತ್ತದೆ, ಅಷ್ಟೇ.

ನಿಮ್ಮ ಕೆಲಸ ಅಲ್ಲಿ ಹುಡುಕಬೇಕಾಗಲಿಲ್ಲ. ಮೆಟ್ಟಿಲ ಪಕ್ಕದ ಕಿಟಕಿಯ ಚೌಕಟ್ಟಿನಲ್ಲಿ ಕೆಳಗಿನ ಮೂಲೆ ಕೊಳೆತಿದ್ದನ್ನು ಕತ್ತರಿಸಿ ಹೊಸ ಮರ ಕೂರಿಸಿದ್ದೀರಿ. ಬಣ್ಣ ಒಂದು ಛಾಯೆ ತಿಳಿ, ಹಳೆಯ ಮರಕ್ಕಿಂತ ಒಂದು ಕೂದಲೆಳೆ ಒಳಗೆ. ಬೆರಳಾಡಿಸಿದರೆ ಎಲ್ಲಿ ಹಳೆಯದು ಮುಗಿಯಿತು, ಎಲ್ಲಿ ಹೊಸದು ಶುರುವಾಯಿತು ಅಂತ ಕುರುಡರಿಗೂ ತಿಳಿಯಬೇಕು. ಸರಿಪಡಿಸಿದ್ದು ಕಾಣಬೇಕು, ಕಾಣದ ಹಾಗೆ ಮಾಡಿದರೆ ಅದು ಸುಳ್ಳು ಅಂತ ನೀವು ಹೇಳುತ್ತಿದ್ದಿರಿ. ನಾನು ಬೆರಳಾಡಿಸುತ್ತಿದ್ದಾಗ ಹೊಸದಾಗಿ ಮದುವೆಯಾದ ಹಾಗಿದ್ದ ಒಂದು ಜೋಡಿ ಬಂದು, ಆಂಟಿ, ನಮ್ಮದೊಂದು ಫೋಟೋ ತೆಗೀತೀರಾ ಅಂತ ಫೋನು ಕೊಟ್ಟರು. ತೆಗೆದೆ. ನಿಮ್ಮದೂ ತೆಗೀಲಾ ಅಂತ ಆ ಹುಡುಗಿ ಕೇಳಿದಳು. ಬೇಡಮ್ಮ, ಯಾರಿಗೆ ತೋರಿಸಲಿ ಅಂದೆ. ತಮಾಷೆಗೆ ಅಂದದ್ದು. ಅವಳು ನಗಲಿಲ್ಲ.

ಆ ಮನೆಯ ತೋಟದ ಸುತ್ತ ಎರಡಾಳೆತ್ತರದ ಗೋಡೆ, ಉಪ್ಪುಗಾಳಿ ಒಳಗೆ ಬರದಿರಲಿ ಅಂತ. ಹೊರಗೆ ಮರಗಳು ಬೆನ್ನು ಬಾಗಿಸಿ ನಿಂತಿದ್ದರೆ ಒಳಗೆ ಹೂವಿನ ಗಿಡಗಳು ನೆಟ್ಟಗೆ, ಶಾಲೆಯ ಮಕ್ಕಳ ಹಾಗೆ. ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದೆ. ಬೆಂಚು ನಾಲ್ಕು ಜನರದ್ದು. ನಾನು ಒಂದು ತುದಿಯಲ್ಲೇ ಕೂತೆ, ನಡುವೆ ಕೂತರೆ ಜಾಗ ವ್ಯರ್ಥ ಅನ್ನಿಸಿತು. ಊಟ ಮುಗಿಯುವ ತನಕ ಯಾರೂ ಬರಲಿಲ್ಲ.

ರಾತ್ರಿಗೆ ಅಂಚೆ ಕಚೇರಿಯ ಎದುರಿನ ವಸತಿಗೃಹದಲ್ಲಿ ಕೋಣೆ ಹಿಡಿದೆ. ಒಂಟಿ ಮಂಚದ ಕೋಣೆ ಅವರಲ್ಲಿಲ್ಲ. ಇನ್ನೊಂದು ಮಂಚದ ಮೇಲೆ ಚೀಲ ಇಟ್ಟೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಎರಡನೆಯ ಮನೆಗೆ ಹೋಗುವ ಮುಂಚೆ ಹಳೆಯದೊಂದು ವಿಷಯ ಬರೆಯಬೇಕು. ನಿಮಗೆ ಗೊತ್ತಿರುವುದೇ. ಆದರೆ ನಾವಿಬ್ಬರೂ ಅದನ್ನು ಒಂದು ಸಲವೂ ಪೂರ್ತಿ ಮಾತಾಡಲಿಲ್ಲ, ಅರ್ಧಕ್ಕೇ ಬಾಗಿಲು ಬಡಿದುಕೊಂಡೆವು. ಫೋನಿನಲ್ಲಾದರೆ ಈಗಲೂ ಹಾಗೇ ಆಗುತ್ತದೆ. ಕಾಗದದಲ್ಲಿ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ನೀವು ಹಳೆಯ ಮನೆಗಳ ಮರಕ್ಕೆ ತೇಪೆ ಹಾಕುವವರು, ನಾನು ಬಟ್ಟೆಗೆ. ಇಬ್ಬರದೂ ಒಂದೇ ಕಸುಬು, ಒಳ್ಳೇ ಜೋಡಿ ಅಂತ ನಮ್ಮ ಮದುವೆಯಲ್ಲಿ ಎಲ್ಲರೂ ನಕ್ಕಿದ್ದರು. ಒಂದೇ ಅಲ್ಲ ಅಂತ ನಮಗೆ ಆಮೇಲೆ ತಿಳಿಯಿತು. ನಾನು ರಫು ಮಾಡುವವಳು. ಕೋಟಿಗೆ ತೂತು ಬಿದ್ದರೆ ಅದೇ ಕೋಟಿನ ಒಳಮಡಿಕೆಯಿಂದ ಎಳೆ ಬಿಡಿಸಿ, ಅದೇ ನೇಯ್ಗೆಯಲ್ಲಿ ಒಂದೊಂದಾಗಿ ಕೂರಿಸುತ್ತೇನೆ. ತಂದವರಿಗೇ ತೂತು ಎಲ್ಲಿತ್ತು ಅಂತ ಸಿಗಬಾರದು. ಸಿಕ್ಕಿದರೆ ನನಗೆ ಅವಮಾನ. ಕೆಲವರು ತಿರುಗಿಸಿ ಮುರುಗಿಸಿ ನೋಡಿ, ನೀವು ಏನೂ ಮಾಡೇ ಇಲ್ವಲ್ಲಮ್ಮ ಅಂತ ಜಗಳಕ್ಕೆ ಬರುತ್ತಾರೆ. ಅದಕ್ಕಿಂತ ದೊಡ್ಡ ಹೊಗಳಿಕೆ ನನ್ನ ಕಸುಬಿನಲ್ಲಿ ಇಲ್ಲ.

ಮಗಳು ಹತ್ತೊಂಬತ್ತರಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆಯಲ್ಲಿದ್ದಳು. ವಾಸಿಯಾಗಿ ಬಂದಳು. ಆ ತಿಂಗಳುಗಳನ್ನು ನಾನು ರಫು ಮಾಡಿದೆ. ಯಾರು ಕೇಳಿದರೂ ಅತ್ತೆಯ ಊರಿನಲ್ಲಿ ಓದುತ್ತಿದ್ದಳು ಅಂದೆ. ಎಳೆ ಎಲ್ಲೂ ಕಾಣುತ್ತಿರಲಿಲ್ಲ. ಆಮೇಲೆ ಅವಳನ್ನು ಮದುವೆಯಾಗುತ್ತೇನೆ ಅಂದ ಹುಡುಗನ ಮನೆಯವರು ನಮ್ಮಲ್ಲಿಗೆ ಬಂದು ಚಹಾ ಕುಡಿಯುತ್ತಿದ್ದಾಗ, ನೀವು ಕಪ್ಪು ಕೆಳಗಿಟ್ಟು ಎಲ್ಲವನ್ನೂ ಹೇಳಿದಿರಿ. ಯಾವ ಆಸ್ಪತ್ರೆ, ಎಷ್ಟು ದಿನ, ಯಾವ ಮಾತ್ರೆ. ಒಂದು ಛಾಯೆ ತಿಳಿ, ಒಂದು ಕೂದಲೆಳೆ ಒಳಗೆ. ಅವರು ಚಹಾ ಪೂರ್ತಿ ಕುಡಿದು ಹೋದರು, ಮತ್ತೆ ಬರಲಿಲ್ಲ. ನೀವು ಹೋಗಿ ನಿಮ್ಮ ಹಳೆ ಮನೆಗಳಲ್ಲೇ ಇರಿ ಅಂದೆ. ನೀವು ಹೋದಿರಿ. ಒಂದು ಮನೆ ಮುಗಿಸಿ ಬರುತ್ತೀರಿ ಅಂದುಕೊಂಡಿದ್ದೆ. ನೀವು ಇನ್ನೊಂದು ಮನೆ ಹಿಡಿದಿರಿ.

ಮಗಳು ಈಗ ಬೇರೆಯವನ ಜೊತೆ ಸುಖವಾಗಿದ್ದಾಳೆ. ಅವನಿಗೆ ಎಲ್ಲ ಗೊತ್ತು, ಮೊದಲ ದಿನವೇ ಅವಳೇ ಹೇಳಿದಳಂತೆ. ಅಪ್ಪ ಹೇಳಿದ್ದು ಒಳ್ಳೇದೇ ಆಯ್ತಮ್ಮ, ಇಲ್ಲದಿದ್ರೆ ಜೀವನಪೂರ್ತಿ ಮಾತ್ರೆ ಡಬ್ಬಿ ಬಚ್ಚಿಡಬೇಕಿತ್ತು ಅನ್ನುತ್ತಾಳೆ. ಅವಳು ನಿಮ್ಮ ಮಗಳು, ಹಾಗೇ ಅನ್ನುತ್ತಾಳೆ. ನಾನು ಸೋತೆ ಅಂತ ಒಪ್ಪಲು ಇದನ್ನು ಬರೆಯುತ್ತಿಲ್ಲ. ಇನ್ನೊಬ್ಬರ ತೂತನ್ನು ಅವರನ್ನು ಕೇಳದೆ ತೋರಿಸಬಾರದು ಅಂತ ಈಗಲೂ ಅನ್ನುತ್ತೇನೆ. ಇದು ಇಲ್ಲಿಗಿರಲಿ.

ಎರಡನೆಯದು ನ್ಯಾಯಾಧೀಶರ ಮನೆ. ರಸ್ತೆಯಿಂದ ಬಹಳ ಒಳಗೆ, ಎರಡೂ ಕಡೆ ದನ ಮೇಯುವ ಬಯಲಿನ ನಡುವೆ ನಡೆದೇ ಹೋಗಬೇಕು. ಬೆಳಿಗ್ಗೆ ಮೋಡ ಕವಿದಿತ್ತು, ನಾನೊಬ್ಬಳೇ ಬಂದಿದ್ದೆ. ಬಾಗಿಲು ತೆಗೆದದ್ದು ಸೊಂಟದಲ್ಲಿ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡ ಹೆಂಗಸು. ಇಲ್ಲೂ ಕಾಲಿಗೆ ಅದೇ ಬಟ್ಟೆಯ ಚೀಲ. ಕೋಣೆ ತೋರಿಸುವುದೂ ಅವಳೇ, ಕಸ ಹೊಡೆಯುವುದೂ ಅವಳೇ. ನೀವು ನಿಧಾನಕ್ಕೆ ನೋಡ್ಕೊಳಿ ಅಕ್ಕ, ನಾನು ಬೆಳ್ಳಿ ಸಾಮಾನು ಉಜ್ಜಬೇಕು ಅಂತ ಒಳಗೆ ಹೋದಳು.

ದೊಡ್ಡ ಹಜಾರದಲ್ಲಿ ಮೆಟ್ಟಿಲಿನ ಕೈಕಂಬಿಗೆ ಸಾಲಾಗಿ ಕಡೆದ ಗೂಟಗಳಿವೆಯಲ್ಲ, ಎಲ್ಲವೂ ಕಪ್ಪಿಗೆ ತಿರುಗಿವೆ, ನಡುವೆ ಒಂದು ಮಾತ್ರ ಬಿಳಿಚಿಕೊಂಡಿದೆ. ನೋಡಿದ ತಕ್ಷಣ ನೀವೇ ಅಂದುಕೊಂಡೆ. ಅದರ ಎದುರಿನ ಕಿಟಕಿಯ ಕಟ್ಟೆಯ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಅಷ್ಟು ಕಪ್ಪಿನ ನಡುವೆ ಅದು ಒಂದೇ, ಯಾರ ಜೊತೆಗೂ ಸೇರದೆ ನಿಂತಿತ್ತು. ಇದು ಹೊಸದು, ಹೌದು, ಹಳೆಯದು ಮುರಿದುಹೋಯಿತು, ಅದಕ್ಕೇನೀಗ ಅನ್ನುವ ಹಾಗೆ. ಇಷ್ಟು ಧೈರ್ಯ ನನಗೆ ಯಾವತ್ತೂ ಬರಲಿಲ್ಲ ಅನ್ನಿಸಿತು. ಎದ್ದು ಹೋಗಿ ಕೈಯಲ್ಲಿ ಹಿಡಿದುಕೊಂಡೆ. ನೀವು ಬನ್ನಿ ಅಂತ ಬರೆಯಬೇಕು ಅಂತ ಆಗಲೇ ಮನಸ್ಸಿನಲ್ಲಿ ಆಯಿತು. ಇಲ್ಲ ಅನ್ನುವುದಿಲ್ಲ.

ಆಗ ಕೀಲಿಕೈಯವಳು ಬಂದಳು. ಅದನ್ನ ಯಾಕಕ್ಕ ಹಾಗೆ ಹಿಡ್ಕೊಂಡಿದ್ದೀರಿ, ಅಲ್ಲಾಡುತ್ತೆ, ಕೈಗೆ ಬಂದೀತು ಅಂದಳು. ಮನೆಯನ್ನು ಫೋಟೋ ತೆಗೆಯುವವರು ಒಂದು ದಿನಕ್ಕೆ ಬಾಡಿಗೆ ಹಿಡಿದಿದ್ದರಂತೆ. ಅವರಲ್ಲೊಬ್ಬ ಧಡಿಯ ಒರಗಿ ನಿಂತನಂತೆ, ಗೂಟ ಲಟಕ್ ಅಂತಂತೆ. ಮ್ಯಾನೇಜರು ಪೇಟೆಯಿಂದ ಯಾವುದೋ ಅಗ್ಗದ ಮರ ತಂದು ಸಿಕ್ಕಿಸಿದರಂತೆ, ಆಗಲೇ ಹುಳ ಬಿದ್ದಿದೆ. ನಮ್ಮ ತೇಪೆ ಅಣ್ಣ ಇದನ್ನ ನೋಡಿ ಆವತ್ತು ಊಟಾನೇ ಮಾಡ್ಲಿಲ್ಲ ಅಂತ ಅವಳು ನಕ್ಕಳು.

ತೇಪೆ ಅಣ್ಣ ಯಾರು ಅಂತ ಕೇಳಿದೆ. ಗೊತ್ತಿದ್ದೇ ಕೇಳಿದೆ.

ಇಲ್ಲಿಯ ಮರದ ಕೆಲಸ ಎಲ್ಲ ಮಾಡಿದ್ದು ಅವರೇ ಅಕ್ಕ ಅಂತ ಅವಳು ಶುರು ಮಾಡಿದಳು. ಈ ಗೂಟ ಬಿಟ್ಟು. ಅವರ ಕೆಲಸ ನೋಡ್ಬೇಕಾ, ಸ್ವಲ್ಪ ಕಾಲು ತೆಗೀರಿ ಅಂದಳು. ನಾನು ಕಾಲು ತೆಗೆದೆ. ನಾನು ನಿಂತಿದ್ದ ಹಲಗೆಯೇ. ಕಿಟಕಿಯಿಂದ ಮೆಟ್ಟಿಲ ತನಕ ನೆಲದ ಹಲಗೆಗಳನ್ನು ಕಿತ್ತು, ಒಳ್ಳೆಯದನ್ನು ಉಳಿಸಿ, ಕೊಳೆತದ್ದಕ್ಕೆ ಮಾತ್ರ ಹೊಸ ತುಂಡು ಸೇರಿಸಿದ್ದೀರಿ. ಒಂದು ಛಾಯೆ ತಿಳಿ. ಬಗ್ಗಿ ನೋಡಿದರೆ ಎಲ್ಲ ಕಾಣುತ್ತಿತ್ತು. ನಾನು ಬಗ್ಗಿರಲಿಲ್ಲ. ಬೆಳಿಗ್ಗೆಯಿಂದ ಅದರ ಮೇಲೇ ಬಟ್ಟೆಯ ಚೀಲ ಎಳೆದುಕೊಂಡು ಓಡಾಡಿದ್ದೆ, ಅದರ ಮೇಲೇ ಕಾಲೂರಿ ಕೂತು ಯಾವನೋ ಸಿಕ್ಕಿಸಿದ ಹುಳುಕು ಗೂಟಕ್ಕೆ ಕಣ್ಣು ಒದ್ದೆ ಮಾಡಿಕೊಂಡಿದ್ದೆ. ಬಿಳಿ ಕಂಡದ್ದೆಲ್ಲ ಹಾಲು ಅಂದುಕೊಂಡೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ನಿಮ್ಮ ಜೊತೆ ಸಂಸಾರ ಮಾಡಿದವಳು. ನೀವು ನಗುತ್ತೀರಿ ಅಂತ ಗೊತ್ತು. ನಗಿ.

ಇಲ್ಲಿಗೇ ಮುಗಿದಿದ್ದರೆ ನಾನೂ ನಗುತ್ತಿದ್ದೆ.

ಒಳ್ಳೆಯ ಕೆಲಸಗಾರರು, ಮನೆ ಮಂದಿ ಎಲ್ಲಿದ್ದಾರೆ ಅಂತ ಕೇಳಿದೆ. ಯಾಕೆ ಕೇಳಿದೆನೋ. ಅಯ್ಯೋ ಪಾಪ, ಅವರಿಗೆ ಯಾರಿದ್ದಾರಕ್ಕ ಅಂದಳು. ಮಗಳೊಬ್ಬಳು ಇದ್ದಾಳೆ ದೂರದಲ್ಲಿ, ವಾರಕ್ಕೊಂದು ಸಲ ಫೋನು ಮಾಡ್ತಾಳೆ. ಹೆಂಡತಿ ತೀರಿಹೋಗಿ ಬಹಳ ವರ್ಷ ಆಯ್ತು.

ಹಾಗಂತ ಅವರೇ ಹೇಳಿದರಾ ಅಂದೆ. ಅವಳು ಸ್ವಲ್ಪ ಯೋಚಿಸಿದಳು. ಬಾಯಿಬಿಟ್ಟು ಹೇಳ್ಲಿಲ್ಲ, ಒಂದು ಸಲ ಊಟಕ್ಕೆ ಕೂತಾಗ ಮನೆಯವರು ಎಲ್ಲಿ ಅಂತ ಕೇಳಿದೆ, ಸುಮ್ಮನಾಗಿಬಿಟ್ರು, ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು, ಅಷ್ಟು ಗೊತ್ತಾಗಲ್ವಾ ಅಕ್ಕ, ನಾನೂ ಗಂಡನ್ನ ಕಳ್ಕೊಂಡವಳೇ ಅಂದಳು. ಆಮೇಲೆ ಅವಳು ಅದನ್ನು ಹತ್ತು ಜನರಿಗೆ ಹೇಳಿರಬೇಕು. ನೀವು ಅಲ್ಲ ಅನ್ನಲಿಲ್ಲ.

ಅವಳು ಕೆಟ್ಟವಳಲ್ಲ. ಒಂಟಿ ಗಂಡಸು, ಮಂಡಿ ನೋವು ಬೇರೆ, ಆ ತೋಟದ ಕೋಣೆಗೆ ಹೋದರೆ ಯಾರಾದರೂ ಬಿಸಿನೀರು ಕಾಯಿಸಿಕೊಡುವವರು ಬೇಕಲ್ವಾ ಅಂತ ಅವಳು ಬೆಳ್ಳಿ ಚಮಚ ಉಜ್ಜುತ್ತ ಉಜ್ಜುತ್ತ ಹೇಳಿದಳು. ಅದೇ ಚಮಚವನ್ನು ಎರಡು ಸಲ ಉಜ್ಜಿದಳು. ಅವಳ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಾಯಿತು. ನಿಮಗೆ ಗೊತ್ತಾಗಿರುವುದಿಲ್ಲ. ಮರ ಆಗಿದ್ದರೆ ತಟ್ಟಿ ನೋಡಿ ಹೇಳುತ್ತಿದ್ದಿರಿ.

ನೀವು ಯಾವ ಕಡೆಯವರು ಅಂತ ಆಮೇಲೆ ಕೇಳಿದಳು. ನಿಮ್ಮ ತೇಪೆ ಅಣ್ಣನ ಊರಿನ ಕಡೆಯವಳೇ, ಬಟ್ಟೆ ಹೊಲಿಯುತ್ತೇನೆ ಅಂದೆ. ಹಾಗಾದ್ರೆ ಅವರ ಹೆಂಡತೀನ ನೋಡಿದ್ದೀರಾ, ಹೇಗಿದ್ರು ಅಂತ ಕುರ್ಚಿ ಹತ್ತಿರ ಎಳೆದುಕೊಂಡಳು. ಏನು ಹೇಳಲಿ. ಸ್ವಲ್ಪ ಹಟಮಾರಿ, ಕೈ ಕೆಲಸ ಚೆನ್ನಾಗಿತ್ತು ಅಂದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಲ್ಲ, ಅಷ್ಟಕ್ಕೇ ನಿಲ್ಲಿಸಿದೆ. ಅವಳು ನನಗೆ ಚಹಾ ಕೊಟ್ಟಳು, ಸಕ್ಕರೆ ಸಾಕಾ ಅಂತ ಎರಡು ಸಲ ಕೇಳಿದಳು. ಕಾಲಿಗೆ ಬಟ್ಟೆಯ ಚೀಲ ಹಾಕಿಕೊಂಡು, ನೀವು ಹಾಕಿದ ನೆಲದ ಮೇಲೆ ಕೂತು, ನನ್ನ ಸಾವಿನ ಸುದ್ದಿ ಕೇಳುತ್ತ ಚಹಾ ಕುಡಿದೆ.

ಹಿಂದಿರುಗುವಾಗ ಬಯಲಿನ ಆ ಉದ್ದದ ದಾರಿಯಲ್ಲಿ ಬಹಳ ಸಿಟ್ಟು ಬಂತು. ಕಿಟಕಿ ಮೂಲೆಯ ಅಂಗೈಯಗಲದ ತುಂಡಿನಿಂದಲೂ, ಇದು ಹೊಸದು ಅಂತ ಹೇಳಿಸುವವರು ನೀವು. ಮಗಳ ಮಾತ್ರೆಯ ಹೆಸರನ್ನೂ ಬಿಡದೆ ಹೇಳಿದವರು. ನಿಮ್ಮದೇ ಸಂಸಾರ ಹರಿದದ್ದನ್ನು ಮಾತ್ರ ಆ ಊರಿನಲ್ಲಿ ಯಾರಿಗೂ ಕಾಣದ ಹಾಗೆ ಮುಚ್ಚಿದ್ದೀರಿ. ಎಳೆ ಎಲ್ಲೂ ಎದ್ದಿಲ್ಲ. ನನ್ನನ್ನು ನೀವು ರಫು ಮಾಡಿದ್ದೀರಿ. ನಾನು ಇಷ್ಟು ಅಚ್ಚುಕಟ್ಟಾಗಿ ಯಾರ ಕೋಟಿಗೂ ಮಾಡಿಲ್ಲ.

ಸಿಟ್ಟು ಬಸ್ಸು ಬರುವ ತನಕ ಇತ್ತು. ಬಸ್ಸಿನಲ್ಲಿ ಕೂತ ಮೇಲೆ ಬೇರೆ ಏನೋ ಆಯಿತು. ತುತ್ತು ಕೈಯಲ್ಲೇ ಉಳಿದಿತ್ತು ಅಂದಳಲ್ಲ, ಅದು ಕಣ್ಣಿಗೆ ಬರುತ್ತಿತ್ತು. ಇದಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ಮೂರನೆಯ ಮನೆಗೆ ಹೋಗಲಾಗಲಿಲ್ಲ. ಆ ಕಡೆಯ ಬಸ್ಸು ತಪ್ಪಿತು, ಇನ್ನೊಂದು ಸಂಜೆಗೆ ಅಂದರು. ಅದು ನೀವು ಈಗ ಕೆಲಸ ಮಾಡುತ್ತಿರುವ ಮನೆ, ಇನ್ನೂ ಜನರಿಗೆ ತೆರೆದಿಲ್ಲ, ಹೋದರೂ ಬಾಗಿಲಲ್ಲಿ ಬಿಡುತ್ತಿರಲಿಲ್ಲ. ಎರಡು ನೋಡಿದರೆ ಮೂರು ನೋಡಿದ ಹಾಗೇ. ನೇರ ಊರಿಗೆ ಬಂದೆ. ಮನೆಯ ಬೀಗ ತೆಗೆದಾಗ ಒಳಗಿನಿಂದ ಮುಚ್ಚಿಟ್ಟ ಬಟ್ಟೆಯ ವಾಸನೆ ಬಂತು. ಎರಡು ದಿನಕ್ಕೇ. ಆ ಹಳೆಯ ಮನೆಗಳಿಗಾದರೂ ಬೆಳಿಗ್ಗೆ ಕಿಟಕಿ ತೆಗೆಯುವವರು ಇದ್ದಾರೆ.

ಈಗ ಉತ್ತರ.

ಆ ಊರಿನಲ್ಲಿ ನೀವು ಹೆಂಡತಿ ಸತ್ತವರು. ಹೆಂಡತಿ ಸತ್ತವರು ನನ್ನ ಮನೆಗೆ ಬರುವುದು ಚೆನ್ನಾಗಿರುವುದಿಲ್ಲ, ನೆರೆಹೊರೆ ಏನು ಅಂದುಕೊಂಡಾರು. ಮೊದಲು ಕೀಲಿಕೈಯವಳ ಹತ್ತಿರ ಹೋಗಿ. ಹೆಂಡತಿ ಇದ್ದಾಳೆ, ಜಗಳ ಆಡಿ ಬಂದೆ, ಹತ್ತು ವರ್ಷ ಇಬ್ಬರೂ ಹಟ ಹಿಡಿದೆವು ಅಂತ ನಿಮ್ಮ ಬಾಯಿಂದ ಹೇಳಿ. ಅವಳ ಬೇಸರ ನೋಡಿ, ಸುಮ್ಮನೆ ನಿಂತು ನೋಡಿ. ಹಾಗೆ ಹೇಳಲು ಆದರೆ ಬನ್ನಿ. ಆಗದಿದ್ದರೆ ತೋಟದ ಕೋಣೆ ಬೇಕು ಅಂತ ಟ್ರಸ್ಟಿನವರಿಗೆ ಬರೆದುಕೊಡಿ. ನಾನು ತಪ್ಪು ತಿಳಿಯುವುದಿಲ್ಲ. ನನಗೆ ಒಬ್ಬಳೇ ಇದ್ದು ಅಭ್ಯಾಸವಾಗಿದೆ.

ಮಂಡಿಗೆ ಎಣ್ಣೆ ಹಚ್ಚುವಾಗ ಮೇಲಿಂದ ಕೆಳಗೆ ತಿಕ್ಕಬೇಡಿ, ಸುತ್ತ ತಿಕ್ಕಿ.

ಇಂತಿ,
ನೀವು ಸುಮ್ಮನಾದಾಗ ಸತ್ತುಹೋದವಳು,
ಇನ್ನೂ ಹೊಲಿಯುತ್ತಿದ್ದಾಳೆ

ತಾ.ಕ. ಸೋಮವಾರ ಬೆಳಿಗ್ಗೆ. ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಡಿಸಿದ್ದೇನೆ. ಅಂಚು ಹರಿದಿರುವುದು ಅದಕ್ಕೆ.

ಬಸ್ಸು ತಪ್ಪಿರಲಿಲ್ಲ. ಮೂರನೆಯ ಮನೆಗೆ ಹೋಗಿದ್ದೆ. ಗೇಟಿನ ಹತ್ತಿರ ನಿಂತಾಗ ಕಾವಲುಗಾರ ಬಂದು ಯಾರು ಬೇಕಮ್ಮ ಅಂತ ಕೇಳಿದ. ಹೇಳಬೇಕು ಅಂತ ಬಾಯಿ ತೆಗೆದೆ. ಯಾರೂ ಬೇಡಪ್ಪ, ಮನೆ ನೋಡೋಣ ಅಂತ ಬಂದೆ ಅಂದೆ. ಮನೆ ಇನ್ನೂ ತೆರೆದಿಲ್ಲ ಅಂದ. ಸರಿ ಅಂದೆ. ನೀವು ಹಿಂದಿನ ಮೆಟ್ಟಿಲ ಮೇಲೆ ರಸ್ತೆಗೆ ಬೆನ್ನು ಹಾಕಿ ಡಬ್ಬಿಯಲ್ಲಿ ಊಟ ಮಾಡುತ್ತಿದ್ದಿರಿ. ನೀಲಿ ಅಂಗಿ, ಕಾಲರ್ ಹರಿದದ್ದಕ್ಕೆ ಬಿಳಿ ದಾರದ ಹೊಲಿಗೆ. ನಿಮ್ಮದೇ ಕೈ, ಮೊಳೆ ಹೊಡೆದ ಹಾಗೆ. ಗೇಟಿನಿಂದಲೇ ಕಾಣುತ್ತಿತ್ತು. ಎಡಗಡೆ ಕೂದಲು ಪೂರ್ತಿ ಹೋಗಿದೆ, ಮಗಳು ಅದನ್ನು ಹೇಳಿರಲಿಲ್ಲ. ಊಟ ಮುಗಿಸಿ ಏಳುವಾಗ ಒಂದು ಕೈಯನ್ನು ಮೆಟ್ಟಿಲಿಗೂ ಇನ್ನೊಂದನ್ನು ಗೋಡೆಗೂ ಕೊಟ್ಟಿರಿ. ಕರೆಯಲಿಲ್ಲ. ನೀವು ಒಳಗೆ ಹೋದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಹೀಗೆ ನಾನೂ ಎರಡು ಕಡೆ, ಕೀಲಿಕೈಯವಳ ಮುಂದೆ, ಈ ಗೇಟಿನ ಮುಂದೆ, ಸುಮ್ಮನಾದವಳು. ನಿಮಗೆ ಮಾತ್ರ ಬಾಯಿಬಿಟ್ಟು ಹೇಳಿ ಅನ್ನುವುದು ಯಾವ ನ್ಯಾಯ. ಮೂರನೆಯ ಮನೆಗೆ ಹೋಗಲಿಲ್ಲ ಅಂತ ಬರೆದ ಪುಟವನ್ನು ಹರಿದು ಹೊಸದಾಗಿ ಬರೆಯೋಣ ಅಂತ ಹಾಳೆ ತೆಗೆದಿದ್ದೆ. ವಾಪಸ್ ಇಟ್ಟೆ. ಆ ಸುಳ್ಳೂ ಇರಲಿ, ಆ ಷರತ್ತೂ ಇರಲಿ, ಅದರ ಪಕ್ಕದಲ್ಲಿ ಇದೂ ಇರಲಿ.

ಟ್ರಸ್ಟಿನವರಿಗೆ ಇನ್ನೂ ಏನೂ ಬರೆದುಕೊಡಬೇಡಿ. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಕೀಲಿಕೈಯವಳ ಹತ್ತಿರ ಇಬ್ಬರೂ ಹೋಗೋಣ, ಅವಳ ಚಹಾದ ಋಣ ನನ್ನ ಮೇಲೂ ಇದೆ. ಗೇಟಿನಲ್ಲಿ ಕಾವಲುಗಾರ ಯಾರು ಬೇಕು ಅಂತ ಕೇಳಿಯೇ ಕೇಳುತ್ತಾನೆ. ಕೇಳಲಿ.